ಐಡಿ ಕಾರ್ಡ್ ವಾಪಸ್ ಕೊಟ್ಟು ಬಂದ ಮೇಲೆ

ಶುಕ್ರವಾರ ಸಂಜೆ ಐಡಿ ಕಾರ್ಡ್ ವಾಪಸ್ ಕೊಟ್ಟು ಬಂದೆ. ಕಂಪನಿಗಳು ಬದಲಾದರೂ 22 ವರ್ಷ ಕುತ್ತಿಗೆಯಲ್ಲಿ ಯಾವುದೋ ಒಂದು ಕಾರ್ಡ್ ನೇತಾಡುತ್ತಲೇ ಇತ್ತು. ಶನಿವಾರ ಬೆಳಿಗ್ಗೆ ಹಾಲು ತರಲು ಹೊರಟಾಗ ಕೈ ತಾನಾಗಿಯೇ ಎದೆ ತಡವಿತು, ಹೆಂಡತಿ ನೋಡಿ ನಕ್ಕಳು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ಬಹಳ ಜನ. ಒಬ್ಬೊಬ್ಬರಿಗೇ ಉತ್ತರ ಬರೆಯುತ್ತ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ರಿಟೈರ್ ಆಗುವಾಗ ನನ್ನ ಹುದ್ದೆ ದಕ್ಷಿಣ ವಲಯದ ಏರ್‌ಪೋರ್ಟ್ ಆಪರೇಷನ್ಸ್ ಮುಖ್ಯಸ್ಥ. ಕೇಳೋಕೆ ದೊಡ್ಡದು. ಶುರುವಾಗಿದ್ದು 2003ರಲ್ಲಿ, ಹುಬ್ಬಳ್ಳಿ ಗೋಕುಲ್ ರೋಡ್ ಏರ್‌ಪೋರ್ಟ್‌ನ ಕೌಂಟರ್‌ನಲ್ಲಿ. ಆಗ ನನಗೆ ಮೂವತ್ತಾರು. ಎರಡು ಮಕ್ಕಳು. ಕೆಲಸ ಮಾಡುತ್ತಿದ್ದ ಕೊರಿಯರ್ ಆಫೀಸು ಬಾಗಿಲು ಹಾಕಿತ್ತು. ವಿಮಾನವನ್ನು ನೆಲದಿಂದ ತಲೆ ಎತ್ತಿ ನೋಡಿದ್ದೇ ಹೊರತು ಹತ್ತಿರದಿಂದ ನೋಡಿದವನಲ್ಲ.

ಮೊದಲ ಥ್ಯಾಂಕ್ಸ್ ನನ್ನ ಪರಿಚಯವೇ ಇಲ್ಲದ ಒಬ್ಬರಿಗೆ. ಕ್ಯಾಪ್ಟನ್ ಗೋಪಿನಾಥ್ ಅವರಿಗೆ. ದೂರದಿಂದ ನೋಡಿದ್ದೇನೆ ಅಷ್ಟೆ, ಒಂದು ಮಾತೂ ಆಡಿಲ್ಲ. ಆದರೆ ಅವರು ಏರ್ ಡೆಕ್ಕನ್ ಅನ್ನುವ ಕಡಿಮೆ ದರದ ವಿಮಾನ ಕಂಪನಿ ಶುರು ಮಾಡದೇ ಇದ್ದಿದ್ದರೆ ಹುಬ್ಬಳ್ಳಿಯಲ್ಲಿ ನನ್ನಂಥವನಿಗೆ ಏರ್‌ಲೈನ್ ಕೆಲಸ ಎಲ್ಲಿಂದ ಸಿಗಬೇಕಿತ್ತು, ಹೇಳಿ?

ಅವರ ಕಥೆ ಹಾಸನದ ಕಡೆಯವರಿಗೆ ಬಾಯಿಪಾಠ, ಉಳಿದವರಿಗೆ ಸ್ವಲ್ಪ ಹೇಳುತ್ತೇನೆ. ಗೊರೂರಿನವರು, ಮೇಷ್ಟ್ರ ಮಗ. ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಬಿಜಾಪುರದ ಸೈನಿಕ್ ಶಾಲೆ ಸೇರಿ, ಸೈನ್ಯಕ್ಕೆ ಹೋಗಿ, 1971ರ ಯುದ್ಧ ನೋಡಿ, ಕ್ಯಾಪ್ಟನ್ ಆಗಿರುವಾಗಲೇ ಕೆಲಸ ಬಿಟ್ಟು ಬಂದರು. ಮನೆಯ ಜಮೀನು ಹೇಮಾವತಿ ಡ್ಯಾಮಿನ ನೀರಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ಭೂಮಿ. ಅಲ್ಲಿ ಟೆಂಟ್ ಹಾಕಿಕೊಂಡು ಇದ್ದು ತೆಂಗು ಬೆಳೆದರು, ರೇಷ್ಮೆ ಸಾಕಿದರು, 1996ರಲ್ಲಿ ಅದಕ್ಕೇ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಬೈಕ್ ಡೀಲರ್‌ಶಿಪ್, ಹಾಸನದಲ್ಲಿ ಟಿಫಿನ್ ಹೋಟೆಲು, 1994ರಲ್ಲಿ ಚುನಾವಣೆಗೆ ನಿಂತು ಸೋತಿದ್ದು, ಎಲ್ಲ ಆಗಿದೆ. 1997ರಲ್ಲಿ ಸೈನ್ಯದ ಗೆಳೆಯನ ಜೊತೆ ಸೇರಿ ಹೆಲಿಕಾಪ್ಟರ್ ಕಂಪನಿ. ಮೇಲಿಂದ ನೋಡುವಾಗ ಹಳ್ಳಿ ಮನೆಗಳ ಮೇಲೂ ಟಿವಿ ಆಂಟೆನಾ ಕಂಡು, ಟಿವಿ ಕೊಳ್ಳುವವನು ವಿಮಾನವನ್ನೂ ಹತ್ತಬಲ್ಲ ಅಂತ ಲೆಕ್ಕ ಹಾಕಿದರಂತೆ. ರೈತನ ಲೆಕ್ಕ ಅದು. ಎಂಬಿಎ ಓದಿದವರಿಗೆ ಹೊಳೆಯುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಏರ್ ಡೆಕ್ಕನ್ ಉದ್ಘಾಟನೆಯ ದಿನ ಹೈದರಾಬಾದಿನಲ್ಲಿ, ರಾಜಕೀಯದ ದೊಡ್ಡವರೆಲ್ಲ ಒಳಗೆ ಕೂತಿರುವಾಗಲೇ, ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವರು ನಾಲ್ಕೇ ವರ್ಷದಲ್ಲಿ ಅರವತ್ತಕ್ಕೂ ಜಾಸ್ತಿ ಊರುಗಳಿಗೆ ವಿಮಾನ ಹಾರಿಸಿದರು. ಅವರು ಮಾರಿದ ಒಂದು ರೂಪಾಯಿ ಟಿಕೆಟ್ ಲೆಕ್ಕಕ್ಕೆ ಕೂರುವುದಿಲ್ಲ ಅಂತ ಅವತ್ತೂ ಹೇಳುವವರಿದ್ದರು. ಈಗ ನಾನೂ ಒಪ್ಪುತ್ತೇನೆ, ಇಷ್ಟು ವರ್ಷ ಖರ್ಚಿನ ಶೀಟ್ ನೋಡಿದ ಮೇಲೆ ಒಪ್ಪದೇ ಇರೋಕೆ ಆಗಲ್ಲ. 2007ರಲ್ಲಿ ಕಂಪನಿಯ ಪಾಲು ಬೇರೆಯವರ ಕೈಗೆ ಹೋಯಿತು, ಮುಂದೆ ಹೆಸರೂ ಹೋಯಿತು. ಆದರೆ ಆ ಟಿಕೆಟ್‌ನಲ್ಲಿ ಹಾರಿದವರು ಆಮೇಲೆ ಸುಮ್ನೆ ಬಸ್ಸಿಗೆ ಮರಳಲಿಲ್ಲ, ಅಲ್ವಾ?

ಆಗಿನದು ಎಟಿಆರ್ ವಿಮಾನ, 48 ಸೀಟು, ಹಿಂದಿನ ಬಾಗಿಲಿನಿಂದ ಹತ್ತಬೇಕು. ಸೀಟ್ ನಂಬರ್ ಇಲ್ಲ, ಮೊದಲು ಹೋದವರಿಗೆ ಬೇಕಾದ ಜಾಗ. ನಮ್ಮ ಕಡೆ ಜನಕ್ಕೆ ಇದನ್ನು ಹೇಳಿಕೊಡಬೇಕಾ? ಟವೆಲ್ ಹಾಕಿ ಸೀಟು ಹಿಡಿದರು. ಒಬ್ಬ ಅಜ್ಜ ನನ್ನ ಕೈ ಹಿಡಿದು, "ಬಾಗಿಲ ಹತ್ರಾನ ಕುಂಡ್ರಸ್ರಿ, ಹಾವೇರಿ ಬಂದ್ರ ಇಳೀತೀನಿ" ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೋ, ಇವತ್ತಿಗೂ ಗೊತ್ತಿಲ್ಲ. ಅಜ್ಜ, ಎಲ್ಲೇ ಇದ್ದರೂ ನಿಮಗೊಂದು ಶರಣು. ಕೆಟ್ಟ ದಿನಗಳಲ್ಲಿ ನಿಮ್ಮನ್ನು ನೆನೆದು ನಕ್ಕಿದ್ದೇನೆ.

ಟ್ರಿಮ್ ಶೀಟ್, ಅಂದರೆ ವಿಮಾನದ ಭಾರದ ಲೆಕ್ಕದ ಹಾಳೆ, ಬರೆಯೋದು ಕಲಿಸಿದ ಮಂಗಳೂರಿನ ಮೇಡಂಗೆ ದೊಡ್ಡ ನಮಸ್ಕಾರ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ವಿಮಾನದಲ್ಲಿ ಎಷ್ಟು ಭಾರ ಇದೆ ಅನ್ನುವುದು ಮಾತ್ರ ಅಲ್ಲ, ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಜನ ಕಡಿಮೆ ಇರುವ ದಿನ ಎಲ್ಲರೂ ಒಂದೇ ಕಡೆ ಕೂತರೆ ನಾಲ್ಕು ಜನರನ್ನು ಎಬ್ಬಿಸಿ ಬೇರೆ ಕಡೆ ಕೂರಿಸಬೇಕಾಗುತ್ತದೆ. ನಾನು ಮೊದಲ ಸಲ ಶೀಟ್ ತಪ್ಪು ಬರೆದಾಗ ಮೇಡಂ ಬೈಯಲಿಲ್ಲ. ಹರಿದು ಹಾಕಿ ಹೊಸ ಹಾಳೆ ಕೊಟ್ಟರು. ಸಾಯಂಕಾಲ ಕೂರಿಸಿಕೊಂಡು, ಆ ತಪ್ಪಿನಿಂದ ಏನಾಗಬಹುದಿತ್ತು ಅಂತ ಒಂದು ಗಂಟೆ ವಿವರಿಸಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಅವರನ್ನು ಒಮ್ಮೆ ಬೆಂಗಳೂರಿಗೆ ವಿಮಾನದಲ್ಲಿ ಕಳಿಸಿದೆ. ಹಳೇ ಎಚ್‌ಎಎಲ್ ಏರ್‌ಪೋರ್ಟ್‌ನಲ್ಲಿ ಇಳಿದು ತಮ್ಮನ ಮನೆ ಮುಟ್ಟಿ ಫೋನ್ ಮಾಡಿದವರ ಮೊದಲ ಮಾತು, "ಒಳಗ ಒಬ್ಬರೂ ಟಿಕೆಟ್ ಕೇಳಲಿಲ್ಲಲೇ!" ಅಷ್ಟು ಬೇಜಾರಾಗಿತ್ತು ಅವರಿಗೆ. ಟಿಕೆಟ್ ಚೀಟಿಯನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದು ಕೂತಿದ್ದರಂತೆ.

ಮುಂದೆ ಒಂದು ಕಂಪನಿಯಲ್ಲಿ, ಹೆಸರು ಬೇಡ, ಐದು ತಿಂಗಳು ಸಂಬಳ ಬರಲಿಲ್ಲ. ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ದಿನಾ ಡ್ಯೂಟಿಗೆ ಹೋಗುವುದು, ಪ್ರಯಾಣಿಕರ ಮುಂದೆ ನಗುವುದು, ಮನೆಗೆ ಬಂದು ಸ್ಕೂಲ್ ಫೀಸಿನ ಲೆಕ್ಕ. ಆ ಐದು ತಿಂಗಳೂ ಉದ್ರಿ ಕೊಟ್ಟ ನಮ್ಮ ಓಣಿಯ ಕಿರಾಣಿ ಅಂಗಡಿಯ ಅಣ್ಣ ಒಂದು ದಿನವೂ ಪುಸ್ತಕ ತೆಗೆದು ತೋರಿಸಲಿಲ್ಲ. ಹೆಂಡತಿ ಬಳೆ ಅಡವಿಟ್ಟಿದ್ದು ನನಗೆ ಗೊತ್ತಾಗಿದ್ದು ಬಿಡಿಸಿಕೊಂಡು ಬಂದ ಮೇಲೆ. ಇವರಿಬ್ಬರಿಗೆ ಥ್ಯಾಂಕ್ಸ್ ಅನ್ನುವ ಪದ ಸಾಲುವುದಿಲ್ಲ, ಸುಮ್ಮನಿರುತ್ತೇನೆ.

ಕೋವಿಡ್ ಲಾಕ್‌ಡೌನ್‌ನಲ್ಲಿ, 2020ರ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗೆ ಪ್ರಯಾಣಿಕರ ವಿಮಾನ ಹಾರಲಿಲ್ಲ. ಎಂಜಿನ್‌ಗಳಿಗೆ ಕವರ್ ಹಾಕಿ ಸಾಲಾಗಿ ನಿಲ್ಲಿಸಿದ್ದೆವು. ನಿಂತ ವಿಮಾನಕ್ಕೂ ಕೆಲಸ ತಪ್ಪುವುದಿಲ್ಲ, ಚಕ್ರ ತಿರುಗಿಸಬೇಕು, ಹಕ್ಕಿ ಗೂಡು ಕಟ್ಟದಂತೆ ನೋಡಬೇಕು. ಎಲ್ಲರೂ ಮನೆಯಲ್ಲಿರುವಾಗ ಬುತ್ತಿ ಕಟ್ಟಿಕೊಂಡು ಬಂದ ಟೆಕ್ನೀಷಿಯನ್ ಹುಡುಗರು, ರಾಂಪ್ ಹುಡುಗರು, ಲೋಡರ್‌ಗಳು, ನಿಮ್ಮನ್ನು ಮರೆಯುವವನಲ್ಲ. ಶುಕ್ರವಾರ ನೀವು ತಂದ ಕೇಕ್ ಮೇಲೆ ನನ್ನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಅದಕ್ಕೂ ಥ್ಯಾಂಕ್ಸ್, ಫೋಟೋ ಇಟ್ಟುಕೊಂಡಿದ್ದೇನೆ.

ಬರುವ ತಿಂಗಳು ಹುಬ್ಬಳ್ಳಿಗೆ ವಾಪಸ್. ಆ ಕಡೆ ಬಂದರೆ ಫೋನ್ ಮಾಡಿ, ಗಿರ್ಮಿಟ್ಟು, ಮಿರ್ಚಿ ಭಜಿ ನನ್ನ ಲೆಕ್ಕ. ಮತ್ತೆ, ನನ್ನ ಹಳದಿ ಟಾರ್ಚ್ ಯಾರ ಹತ್ತಿರವೋ ಉಳಿದುಬಿಟ್ಟಿದೆ. ಸಿಕ್ಕವರು ಇಟ್ಟುಕೊಳ್ಳಿ. ಬ್ಯಾಟರಿ ಮಾತ್ರ ಹೊಸದು ಹಾಕಿ, ಅದು ಆಗಾಗ ಕೈ ಕೊಡುತ್ತದೆ.