ಪಾಲಿಸಿ ಫಾರ್ಮ್‌ಗೆ ಸಹಿ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ವಿಮೆ ಪಾಲಿಸಿಯ ಪದಗಳು ಅರ್ಥವಾಗ್ತಿಲ್ಲ ಅಂತ ಹಲವರು ಕೇಳಿದ್ದೀರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪರಮ ವಿಶ್ವಾಸದ ತತ್ವ. ನಿಮ್ಮ ಆರೋಗ್ಯ, ನಿಮ್ಮ ಮನೆಯ ಸ್ಥಿತಿ ಗೊತ್ತಿರೋದು ನಿಮಗೇ ಅಲ್ವಾ? ಅದನ್ನು ಮುಚ್ಚಿಡಬಾರದು ಅಂತ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲೇ ಹೇಳಿದ್ದರು. 'ಹಿಂದೆ ಆಸ್ಪತ್ರೆ ಸೇರಿದ್ದಿರಾ?' ಅನ್ನೋ ಪ್ರಶ್ನೆಗೆ ಏಜೆಂಟ್ ಸುಮ್ನೆ 'ಇಲ್ಲ' ಅಂತ ಟಿಕ್ ಹಾಕಿರಬಹುದು. ಕೆಳಗಿನ ಸಹಿ ಮಾತ್ರ ನಿಮ್ಮದು. ಆ ಒಂದು ಟಿಕ್‌ನಿಂದಲೇ ಕ್ಲೇಮ್ ತಿರಸ್ಕಾರ ಆಗಬಹುದು. ದಯವಿಟ್ಟು ಫಾರ್ಮ್ ನೀವೇ ಓದಿ, ನೀವೇ ತುಂಬಿ.

ವಿಮಾ ಹಿತಾಸಕ್ತಿ ಅಂದರೆ, ಆ ವಸ್ತು ಹಾಳಾದರೆ ನಿಮಗೆ ನಷ್ಟವಾಗಬೇಕು. ಪಕ್ಕದವರ ಮನೆಗೆ ನೀವು ವಿಮೆ ಮಾಡಿಸೋಕಾಗಲ್ಲ.

ನಷ್ಟ ಪರಿಹಾರದ ತತ್ವದಲ್ಲಿ ಆದ ನಷ್ಟವಷ್ಟೇ ತುಂಬುತ್ತದೆ, ಲಾಭ ಸಿಗಲ್ಲ. ಒಂದೇ ಕಾರಿಗೆ ಎರಡು ಪಾಲಿಸಿ ಇದ್ದರೂ ದುಪ್ಪಟ್ಟು ಹಣ ಬರಲ್ಲ. ಜೀವ ವಿಮೆ ಹಾಗಲ್ಲ. ಜೀವಕ್ಕೆ ಬೆಲೆ ಕಟ್ಟೋಕಾಗಲ್ಲ, ಹಾಗಾಗಿ ಒಪ್ಪಿದ ಮೊತ್ತವೇ ಸಿಗುತ್ತದೆ.

ಇನ್ನು ಸಬ್ರೊಗೇಶನ್. ನಿಮಗೆ ಹಣ ಕೊಟ್ಟ ಮೇಲೆ, ತಪ್ಪು ಮಾಡಿದವರಿಂದ ಅದನ್ನು ವಸೂಲಿ ಮಾಡುವ ಹಕ್ಕು ಕಂಪನಿಗೆ ಹೋಗುತ್ತದೆ. ಆದ್ದರಿಂದ ಗಾಡಿಗೆ ಗುದ್ದಿದವರ ಜೊತೆ ರಾಜಿ ಪತ್ರ ಬರೆದುಕೊಳ್ಳುವ ಮುಂಚೆ ಕಂಪನಿಗೆ ತಿಳಿಸಿ.