ಆ ಲಾರಿಗಳ ಸಾಲು

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ಮೊನ್ನೆ ಕೈಸೇರಿತು. ಉಳಿದ ಸಮಾಚಾರವೆಲ್ಲ ನಿಮ್ಮಪ್ಪನೇ ಫೋನಿನಲ್ಲಿ ಹೇಳಿದ್ದಾನೆ, ಅದನ್ನು ಬಿಡು. ಕೊನೆಗೆ, ಸಹಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯಲ್ಲ, 'ಏರ್‌ಪೋರ್ಟಿನ ದಾರಿಯಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿದರೆ ಏನು ಮಾಡಲಿ ದೊಡ್ಡಪ್ಪ, ವಾರದಿಂದ ಅದೇ ಕನಸು' ಅಂತ. ಎರಡು ದಿನದಿಂದ ಅದು ನನ್ನನ್ನು ಕೊರೆಯುತ್ತಿದೆ. ಆ ಕನಸನ್ನು ನಿನ್ನ ತಲೆಗೆ ತುಂಬಿದವನು ನಾನೇ ಇರಬೇಕು.

ನಾನು ವಿಮಾನ ತಪ್ಪಿಸಿಕೊಂಡ ಕಥೆ ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದೀಯೋ. ಅಲುಗಾಡದ ಲಾರಿಗಳ ಸಾಲು, ದಾರಿ ಗೊತ್ತಿಲ್ಲದ ಡ್ರೈವರು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಹೇಳಿದಷ್ಟೂ ಸಾಲು ಉದ್ದವಾಗುತ್ತಿತ್ತು. ನೀನು ಬಾಗಿಲ ಪಕ್ಕ ಕೂತು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದೆ.

ಇವತ್ತು ನಿಜ ಬರೆಯುತ್ತೇನೆ. ನಿಮ್ಮ ದೊಡ್ಡಮ್ಮನಿಗೂ ಇದು ಪೂರ್ತಿ ಗೊತ್ತಿಲ್ಲ.

ಆವತ್ತು ದಾರಿಯಲ್ಲಿ ನಿಂತದ್ದು ಹತ್ತೇ ನಿಮಿಷ. ತಪ್ಪಿದ್ದು ನನ್ನ ಲೆಕ್ಕ. ಬಸ್ಸಿಗೆ ಎಣಿಸುವ ಹಾಗೆ, ಟಿಕೆಟ್ಟಿನಲ್ಲಿದ್ದ ಹೊರಡುವ ಹೊತ್ತಿನಿಂದಲೇ ಹಿಂದಕ್ಕೆ ಎಣಿಸಿದ್ದೆ. ವಿಮಾನದ ಬಾಗಿಲು ಹಾಕಿ, ಏಣಿ ತೆಗೆದು, ಎಲ್ಲ ಮುಗಿದ ಮೇಲಿನ ಹೊತ್ತು ಅದು. ಪೆಟ್ಟಿಗೆ ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ 45ರಿಂದ 60 ನಿಮಿಷ ಮುಂಚೆಯೇ ಮುಚ್ಚಿಬಿಡುತ್ತಾರೆ. ವಿಮಾನ ಹತ್ತಿಸುವ ಗೇಟನ್ನೂ ಹೊರಡುವುದಕ್ಕೆ ಕಾಲು ಗಂಟೆಯಿಂದ ಇಪ್ಪತ್ತೈದು ನಿಮಿಷ ಮುಂಚೆ. ನಾನು 40 ನಿಮಿಷ ಇದೆಯಲ್ಲ ಅಂತ ಆರಾಮವಾಗಿ ನಡೆದು ಹೋದೆ. ಆಗಲೇ ಮುಚ್ಚಿತ್ತು.

ಹೊರಗೆ ಬಂದು ಆ ಡ್ರೈವರನ್ನು ಹತ್ತು ಜನರೆದುರು ಬೈದೆ. ನನಗಿಂತ ಹಿರಿಯ. ಬೆಳಿಗ್ಗೆ ಹೇಳಿದ್ದಕ್ಕಿಂತ ಮುಂಚೆಯೇ ಬಂದು ಕೆಳಗೆ ಕಾದಿದ್ದ. ನಾನು ಮೇಲೆ ಪೆಟ್ಟಿಗೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದೆ. ಬೈಸಿಕೊಂಡು, ಒಂದು ಮಾತೂ ಆಡದೆ ಪೆಟ್ಟಿಗೆಯನ್ನು ಮತ್ತೆ ಡಿಕ್ಕಿಗೆ ಎತ್ತಿಟ್ಟ. ವಿಮಾನ ತಪ್ಪಿದ್ದು ಮರೆತೇಹೋಗಿದೆ ಪುಟ್ಟಿ, ಅದು ಮರೆತಿಲ್ಲ.

ಆಮೇಲೆ ವರ್ಷಗಟ್ಟಲೆ ಇನ್ನೊಂದು ಹುಚ್ಚು. ಐದಾರು ಗಂಟೆ ಮುಂಚೆ ಹೋಗಿ ಕೂರುವುದು. ಕೌಂಟರು ತೆರೆದೇ ಇರುತ್ತಿರಲಿಲ್ಲ, ಪೆಟ್ಟಿಗೆ ಕೊಟ್ಟು ಒಳಗೆ ಹೋಗೋಣವೆಂದರೂ ಆಗದು. ಕಳಿಸಿಕೊಡಲು ನಿಂತವರ ಮುಖ ಕೂಡ ಸರಿಯಾಗಿ ನೋಡದೆ ಓಡಿದ್ದೇನೆ. ಅದೂ ಬೇಡ.

ನೀನು ಕೇಳಿದ್ದು ಸಿಕ್ಕಿಕೊಂಡರೆ ಏನು ಅಂತ. ಕೌಂಟರು ಮುಚ್ಚುವ ಹೊತ್ತನ್ನು ಟಿಕೆಟ್ಟಿನ ಕಾಗದದಲ್ಲಿ ಹುಡುಕಿ ಅಲ್ಲಿಂದ ಎಣಿಸು. ವಿಮಾನ ಹೊರಡುವುದಕ್ಕೆ ದೇಶದೊಳಗಾದರೆ ಎರಡು ಗಂಟೆ, ಹೊರದೇಶಕ್ಕಾದರೆ ಮೂರು ಗಂಟೆ ಮುಂಚೆ ಅಲ್ಲಿರಿ ಅನ್ನುತ್ತಾರೆ. ಅದು ತಲುಪುವ ಹೊತ್ತು, ಮನೆ ಬಿಡುವ ಹೊತ್ತಲ್ಲ. ದಾರಿಗೆ ಎಷ್ಟು ಬೇಕೆಂದು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ನೋಡಿದರೆ ಅದು ಸುಳ್ಳೇ ಹೇಳೀತು. ಒಂದು ವಾರ ಮುಂಚೆ, ವಿಮಾನ ಸೋಮವಾರವಾದರೆ ಸೋಮವಾರವೇ, ಅದೇ ಹೊತ್ತಿಗೆ ನೋಡು. ಬಂದದ್ದಕ್ಕೆ ಅರ್ಧ ಸೇರಿಸು. ಹಾಗೆ ಹೊರಟರೆ ಸಿಕ್ಕಿಕೊಂಡಾಗ ಹೋಗುವುದು ಸೇರಿಸಿಟ್ಟ ಹೊತ್ತು ತಾನೆ.

ಬೆಳಗಿನ ಜಾವವಾದರೆ ಮೆಟ್ರೋ, ರೈಲು ಅಷ್ಟು ಹೊತ್ತಿಗೆ ಶುರುವಾಗಿರುತ್ತದೆಯೇ ಕೇಳಿಕೋ. ಟರ್ಮಿನಲ್, ಅಂದರೆ ಏರ್‌ಪೋರ್ಟಿನ ಕಟ್ಟಡ, ಯಾವುದೆಂದೂ ನೋಡು, ದೊಡ್ಡ ಏರ್‌ಪೋರ್ಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ವಾಹನ ಹತ್ತಿ ಹೋಗಬೇಕಾದೀತು. ಚೆಕ್-ಇನ್ ಮನೆಯಲ್ಲೇ ಮಾಡಿಕೊಂಡೆ ಅಂತ ನಿಧಾನಿಸಬೇಡ, ಪೆಟ್ಟಿಗೆ ಇದ್ದರೆ ಕೌಂಟರಿನ ಗಡುವು ಹೇಗೂ ಇದ್ದೇ ಇದೆ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಇದೆಲ್ಲ ನಿನಗೆ ಗೊತ್ತೇ ಇರಬಹುದು, ಮುದುಕನ ಬಾಯಿ.

ಮತ್ತೆ ಆ ಕನಸಿನ ಮಾತು. ಅದರಲ್ಲಿ ನೀನು ಎಲ್ಲಿರುತ್ತೀಯ, ಕಾರಿನೊಳಗೋ? ಒಂದು ವೇಳೆ ಕಾರು ನಿಜವಾಗಿಯೂ ನಿಂತೇಬಿಟ್ಟರೆ, ಕೂತಲ್ಲಿಂದಲೇ ವಿಮಾನದವರಿಗೆ ಫೋನ್ ಮಾಡು. ವಿಮಾನ ಹೊರಡುವ ಮುಂಚೆಯೇ ಹೇಳಿದರೆ ಬೇರೆಯದಕ್ಕೆ ಬದಲಿಸಲು ದಾರಿ ಇರಬಹುದು, ದುಡ್ಡು ಸ್ವಲ್ಪ ಹೋದೀತು. ಹೇಳದೆ ಸುಮ್ಮನಿದ್ದರೆ ಅದೇ ಟಿಕೆಟ್ಟಿನಲ್ಲಿರುವ ಮುಂದಿನ ವಿಮಾನ, ವಾಪಸ್ಸಿನದು ಸಹ, ಎಷ್ಟೋ ಸಲ ತಾನಾಗಿ ರದ್ದಾಗುತ್ತದೆ. ನನಗೆ ಆದದ್ದು ಅದೇ. ಡ್ರೈವರನ್ನು ಬೈಯುವುದರಲ್ಲಿ ಆ ಹೊತ್ತು ಕಳೆದಿದ್ದೆ.

ನಿಮ್ಮ ದೊಡ್ಡಮ್ಮ ಕಾಗದ ಅಂಟಿಸುವ ಮುಂಚೆ ತಾನೂ ಓದಬೇಕು ಅನ್ನುತ್ತ ಪಕ್ಕದಲ್ಲೇ ಬಂದು ಕೂತಿದ್ದಾಳೆ. ಲಾರಿಗಳ ಸಾಲಿನ ವಿಷಯ ಮೊದಲು ಇವಳಿಗೆ ಬಾಯಲ್ಲೇ ಹೇಳಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ದೊಡ್ಡಪ್ಪ