ಎಡಗೈಗೆ ಕೆಲಸವಿಲ್ಲದಾಗ

ಪ್ರೀತಿಯ ತಮ್ಮನಿಗೆ,

ನೀನು ಬರೆಯುತ್ತಿರುವ ವಿಡಿಯೋ ಗೇಮ್‌ನ ಕಥೆಯನ್ನು ಎರಡು ಸಲ ಓದಿದೆ. ಅಪ್ಪ ಸಾಯುವ ಭಾಗದಲ್ಲಿ ರಕ್ತ ಜಾಸ್ತಿ, ಬೈಗುಳವೂ ಜಾಸ್ತಿ. ‘ಇದಿಲ್ಲದಿದ್ದರೆ ಜನ ಮಕ್ಕಳಾಟ ಅಂದುಕೊಳ್ತಾರೆ, ಅಲ್ವಾ ಅಕ್ಕಾ?’ ಎಂದು ಕೇಳಿದ್ದೀಯ. ನನಗೆ ಹಾಗನ್ನಿಸುವುದಿಲ್ಲ.

‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಆಡಿದ್ದೀಯಾ? 2013ರಲ್ಲಿ ಬಂದ ಸ್ವೀಡನ್ನಿನ ಗೇಮ್. ಆಡಿಲ್ಲದಿದ್ದರೆ ಪತ್ರ ಮಡಚಿಟ್ಟು ಮೊದಲು ಆಡು. ಕೊನೆಯನ್ನು ಈಗಲೇ ಹೇಳಿಬಿಡುತ್ತೇನೆ.

ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಅಣ್ಣ ತಮ್ಮ ಹೊರಡುತ್ತಾರೆ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ಕೂ ಗುಂಡಿಯೂ ಅಣ್ಣನವು, ಬಲಗಡೆಯವು ತಮ್ಮನವು. ಅಮ್ಮ ನೀರುಪಾಲಾದವಳು. ಹಾಗಾಗಿ ತಮ್ಮನಿಗೆ ನೀರೆಂದರೆ ಭಯ, ಅಣ್ಣನ ಬೆನ್ನಿಗೆ ಜೋತುಬಿದ್ದೇ ದಾಟುತ್ತಾನೆ. ಕೊನೆಯ ಹೊತ್ತಿಗೆ ಅಣ್ಣ ಸಾಯುತ್ತಾನೆ. ಅವನನ್ನು ಎಳೆದು ತಂದು ಮಣ್ಣು ಮುಚ್ಚುವವನು ತಮ್ಮನೇ, ಅಂದರೆ ನಾವೇ. ಅಲ್ಲಿಂದ ಎಡಗೈಗೆ ಕೆಲಸವಿಲ್ಲ. ಮನೆ ದಾರಿಯಲ್ಲಿ ಮತ್ತೆ ನೀರು. ತಮ್ಮನ ಗುಂಡಿ ಒತ್ತಿದರೆ ಅವನು ಮುಂದೆ ಹೋಗುವುದಿಲ್ಲ. ಅಣ್ಣನ ಗುಂಡಿ ಒತ್ತಬೇಕು. ಒತ್ತಿದೆ. ಹುಡುಗ ಈಜಿದ. ನಾನು ಅಲ್ಲೇ ಅತ್ತುಬಿಟ್ಟೆ.

ಆ ಗೇಮ್‌ನಲ್ಲೂ ರಕ್ತವಿದೆ. ಸತ್ತುಬಿದ್ದ ದೈತ್ಯರ ನಡುವೆ ಹಾದುಹೋಗುವ ಒಂದು ಭಾಗವೇ ಇದೆ. ಅದು ನನಗೆ ಮರೆತೇ ಹೋಗಿತ್ತು. ಆ ಗುಂಡಿ ಮಾತ್ರ ಮರೆತಿಲ್ಲ.

ಹಾಗಂತ ಕಟುವಾದದ್ದೇ ಬೇಡ ಎನ್ನುತ್ತಿಲ್ಲ. ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’ (2014) ಗೇಮ್ ನೋಡು. ಯುದ್ಧದ ಹೊತ್ತಿನಲ್ಲಿ, 1992ರಲ್ಲಿ ಶುರುವಾದ ಬೋಸ್ನಿಯಾದ ಸರಯೇವೊ ನಗರದ ಮುತ್ತಿಗೆಯ ನೆನಪು ಅದರ ಹಿಂದಿದೆ. ಅಲ್ಲಿ ನಾವು ಸೈನಿಕರಲ್ಲ, ಪಾಳುಮನೆಯಲ್ಲಿ ಹಸಿದು ಕೂತ ಸಾಮಾನ್ಯ ಜನ. ರಾತ್ರಿ ಒಬ್ಬ ಮುದುಕ ಮುದುಕಿಯ ಮನೆಗೆ ಹೋಗಿ ಅವರ ಊಟ, ಔಷಧಿ ಕದಿಯಬಹುದು. ತಡೆಯುವ ಶಕ್ತಿ ಅವರಿಗಿಲ್ಲ. ಕದ್ದು ತಂದವನು ಮಾರನೇ ದಿನ ಕುಗ್ಗಿಹೋಗುತ್ತಾನೆ. ಈ ಕಥೆಯಿಂದ ಕ್ರೌರ್ಯ ತೆಗೆದರೆ ಅದು ಸುಳ್ಳಾಗುತ್ತದೆ. ಅಲ್ಲಿ ನೋಯಿಸುವುದು ಪರದೆಯ ಮೇಲಿನ ರಕ್ತವಲ್ಲ, ಕದ್ದ ಕೈ ನಮ್ಮದು ಎನ್ನುವುದು.

ಗೇಮ್ ಡಬ್ಬದ ಮೇಲಿನ ವಯಸ್ಸಿನ ಗುರುತಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅಮೆರಿಕದಲ್ಲಿ ಅದು 1994ರಲ್ಲಿ ಬಂದದ್ದು, ಮಕ್ಕಳಿಗೆ ಏನು ಕೊಡಿಸಬೇಕೆಂದು ಅಪ್ಪ ಅಮ್ಮಂದಿರಿಗೆ ತಿಳಿಯಲಿ ಎಂದು. ಕಥೆಗೆ ಕೊಡುವ ಅಂಕವಲ್ಲ ಅದು.

ಇನ್ನು ನಿನ್ನ ಕಥೆ. ಮೊದಲ ಅಧ್ಯಾಯದಲ್ಲಿ ಮಗ ದಿನಾ ಸಂಜೆ ಅಪ್ಪನಿಗಾಗಿ ರೇಡಿಯೋ ತಿರುಪು ತಿರುಗಿಸಿ ಸ್ಟೇಷನ್ ಹುಡುಕುತ್ತಾನೆ. ಕರಕರ ಸದ್ದು, ಆಮೇಲೆ ಹಾಡು, ಅಪ್ಪನ ‘ಹಾಂ, ಅದೇ ಅದೇ’. ಎಷ್ಟು ಚೆನ್ನಾಗಿದೆ ಗೊತ್ತಾ! ಮೂರನೇ ಅಧ್ಯಾಯದಲ್ಲಿ ಆ ರೇಡಿಯೋ ಎಲ್ಲಿ ಹೋಯಿತು? ಅಪ್ಪ ಸತ್ತ ಸಂಜೆ ಅದನ್ನು ಆಟಗಾರನ ಎದುರಿಗಿಡು. ಸುಮ್ನೆ ಇಡು, ಏನು ಮಾಡಬೇಕೆಂದು ಹೇಳಬೇಡ. ಬರೆದು ನೋಡಿ ನನಗೆ ಕಳಿಸು. ಆಮೇಲೂ ರಕ್ತ ಬೇಕೆನಿಸಿದರೆ ಇರಲಿ, ನಾನು ಬೇಡವೆನ್ನುವುದಿಲ್ಲ.

ನಿನ್ನ
ಅಕ್ಕ